ಅತ್ತೆಗೆ ನಾನು ಹೇಳಿಕೊಟ್ಟ ‘ಹ್ಯಾವ್’

ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ತುಮಕೂರಿನಿಂದ ಮಲೇಷ್ಯಾದ ಪುಚೊಂಗಿನ ನಮ್ಮ ಮನೆಗೆ ಬಂದದ್ದು ಒಂದು ತಿಂಗಳು ಇದ್ದು ಹೋಗೋಣ ಅಂತ. ಮೊಮ್ಮಗಳಿಗೆ ಲಂಗ, ಮಗಳಿಗೆ ಚಟ್ನಿಪುಡಿ, ನನಗೆ ಒಂದು ಪಂಚೆ ತಂದಿದ್ದರು. ಸೂಟ್‌ಕೇಸು ಪೂರ್ತಿ ಖಾಲಿಯಾಗುವ ಮೊದಲೇ ಲಾಕ್‌ಡೌನ್ ಬಂತು, ವಿಮಾನಗಳು ನಿಂತವು. ಆಮೇಲೆ ನಡುನಡುವೆ ವಿಶೇಷ ವಿಮಾನ ಹೊರಡುತ್ತಿದ್ದದ್ದು ನಿಜ. ಆದರೆ ಒಂದು ಸಲ ಅಲ್ಲಿ ಕಾಯಿಲೆ ಜಾಸ್ತಿ ಅಂತ, ಇನ್ನೊಂದು ಸಲ ಇಲ್ಲಿ ಜಾಸ್ತಿ ಅಂತ ನನ್ನ ಹೆಂಡತಿ ಅವರನ್ನು ಕಳಿಸಲು ಒಪ್ಪಲಿಲ್ಲ. ಹೀಗೆ ಒಂದು ತಿಂಗಳ ಅತ್ತೆ ಹೆಚ್ಚುಕಡಿಮೆ ಒಂದು ವರ್ಷದ ಅತ್ತೆಯಾದರು.

ಹೆಂಡತಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಾಗಲೂ ಅವಳು ಬೆಳಿಗ್ಗೆ ಹೊರಡಲೇಬೇಕಿತ್ತು. ನಾನು ಕ್ಲಾಂಗ್ ಬಂದರಿನ ಹತ್ತಿರ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕಾಗದಪತ್ರದ ವಿಭಾಗ ನೋಡಿಕೊಳ್ಳುವವನು. ನನ್ನ ಆಫೀಸು ಊಟದ ಮೇಜಿಗೆ ಬಂತು. ಮೇಜಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ನಾಲ್ಕನೇ ಕ್ಲಾಸಿನ ಮಗಳ ಆನ್‌ಲೈನ್ ಶಾಲೆ, ನಡುವೆ ಅತ್ತೆ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದರು.

ಇಂಗ್ಲಿಷಿನ ವಿಷಯದಲ್ಲಿ ನನಗೆ ಎಷ್ಟು ಜಂಬವಿತ್ತು ಅನ್ನುವುದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಕನ್ನಡ ಮಾಧ್ಯಮದಲ್ಲಿ ಓದಿ, ಕಾಲೇಜಿಗೆ ಬಂದಮೇಲೆ ಹಟಕ್ಕೆ ಬಿದ್ದು ಇಂಗ್ಲಿಷ್ ಕಲಿತವನು. ಹಾಗೆ ಕಲಿತವರಿಗೆ ಭಾಷೆಗಿಂತ ಚೆನ್ನಾಗಿ ನಿಯಮಗಳು ಬರುತ್ತವೆ. ಮಲೇಷ್ಯಾಕ್ಕೆ ಬಂದಮೇಲೆ ಜಂಬ ಇನ್ನೂ ಬೆಳೆಯಿತು. ಇಲ್ಲಿಯವರ ಇಂಗ್ಲಿಷ್ ಹಗುರ. ‘ಕ್ಯಾನ್ ಲಾ’ ಅಂದರೆ ಆಯ್ತು, ‘ಗಾಟ್’ ಅಂದರೆ ಇದೆ. ನಾನು ಮಾತ್ರ ಕರ್ತೃ, ಕ್ರಿಯೆ, ಕರ್ಮ ಎಲ್ಲವನ್ನೂ ಇಸ್ತ್ರಿ ಮಾಡಿ ಹೊರಗೆ ಬಿಡುತ್ತಿದ್ದೆ. ಆಫೀಸಿನ ಹುಡುಗರು ದೊಡ್ಡ ಗಿರಾಕಿಗಳಿಗೆ ಮೇಲ್ ಕಳಿಸುವ ಮೊದಲು ನನಗೆ ತೋರಿಸುತ್ತಿದ್ದರು. ಅದು ಗೌರವ ಅಂತ ನಾನು ತಿಳಿದುಕೊಂಡಿದ್ದೆ. ತಪ್ಪಾದರೆ ನನ್ನ ತಲೆಗೆ ಕಟ್ಟುವ ಉಪಾಯ ಅಂತ ಆಮೇಲೆ ತಿಳಿಯಿತು.

ಅತ್ತೆಗೆ ಇಂಗ್ಲಿಷ್ ಬೇಕಾದದ್ದು ಮೊಮ್ಮಗಳಿಂದಾಗಿ. ನಮ್ಮ ಮಗಳು ಇಲ್ಲೇ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ಮಧ್ಯಾಹ್ನ ಅತ್ತೆ ದಂಟಿನ ಸೊಪ್ಪನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು.

“ಅಳಿಯಂದ್ರೇ, ನಾನು ಈ ಮನೇಲಿ ರೇಡಿಯೋ ಆಗ್ಬಿಟ್ಟಿದೀನಿ. ನಾನು ಮಾತಾಡ್ತೀನಿ, ಅವಳು ಕೇಳ್ತಾಳೆ. ಅವಳು ಏನಾದ್ರೂ ಅಂದ್ರೆ ನನಗೆ ಒಂದಕ್ಷರ ತಿಳಿಯಲ್ಲ. ನನಗೂ ಒಂದಿಷ್ಟು ಇಂಗ್ಲಿಷ್ ಹೇಳ್ಕೊಡಿ.”

“ನೀವ್ಯಾಕೆ ಕಷ್ಟಪಡ್ತೀರಿ? ಅವಳಿಗೇ ಕನ್ನಡ ಮಾತಾಡು ಅಂತ ಹೇಳಿ.”

“ಹೇಳಿ ಹೇಳಿ ಸಾಕಾಯ್ತು. ನೀವು ಹೇಳ್ಕೊಡ್ತೀರೋ, ಇಲ್ಲ ಎದುರು ಮನೆಯಾಕೇನ ಕೇಳಲೋ?”

ಎದುರು ಮನೆಯಲ್ಲಿದ್ದವರು ಇಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು, ಅತ್ತೆಯ ವಯಸ್ಸಿನವರು. ಆಚೆ ಹೋಗುವ ಹಾಗಿಲ್ಲದ ಆ ದಿನಗಳಲ್ಲಿ ಅವರು ತಮ್ಮ ಬಾಗಿಲಿನ ಕಬ್ಬಿಣದ ಜಾಲರಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಅತ್ತೆ ನಮ್ಮ ಜಾಲರಿಯ ಹಿಂದೆ. ನಡುವೆ ಕಾರಿಡಾರು. ಅವರ ‘ಗಾಟ್’ ಇಂಗ್ಲಿಷ್ ನನ್ನ ಮನೆಯೊಳಗೆ ಕಾಲಿಡಬಾರದು ಅನ್ನಿಸಿ ನಾನು ತಕ್ಷಣ ಒಪ್ಪಿಕೊಂಡೆ.

ಮೊದಲ ಪಾಠ ‘ಹ್ಯಾವ್’. ‘ನನಗೆ ಇದೆ’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಐ ಹ್ಯಾವ್’ ಅನ್ನಬೇಕು ಅಂತ ವಿವರಿಸಿದೆ. ಐ ಹ್ಯಾವ್ ಎ ಹೌಸ್. ಐ ಹ್ಯಾವ್ ಎ ಡಾಟರ್. ಐ ಹ್ಯಾವ್ ಫೀವರ್.

ಅತ್ತೆ ಒಂದೊಂದಕ್ಕೂ ಬೆರಳು ಮಡಚಿದರು. “ಮನೆ ಸರಿ. ನನ್ನ ಹೆಸರಲ್ಲೇ ಇದೆ, ಇಟ್ಕೊಂಡಿದೀನಿ. ಮಗಳನ್ನೂ ಹಂಗೇ ಇಟ್ಕೊಂಡಿರೋದಾ? ಜ್ವರಾನೂವಾ?”

“ಇಂಗ್ಲಿಷಲ್ಲಿ ಹಾಗೇ.”

“ನಮ್ಮಲ್ಲಿ ಜ್ವರ ತಾನಾಗಿ ಬರುತ್ತೆ, ತಾನಾಗಿ ಹೋಗುತ್ತೆ. ಇವರು ಜ್ವರಾನೂ ಬೀರುನಲ್ಲಿ ಇಡೋರ ಹಂಗೆ ಹೇಳ್ತಾರಲ್ಲ!”

ಉತ್ತರ ಗೊತ್ತಿಲ್ಲದಾಗ ನಾನು ಮಾಡುವ ಕೆಲಸವನ್ನೇ ಮಾಡಿದೆ. ಗಂಟಲು ಸರಿಮಾಡಿಕೊಂಡು ಎರಡನೇ ಪಾಠಕ್ಕೆ ಹೋದೆ. ಅದೇ ‘ಹ್ಯಾವ್’ ಪಕ್ಕದಲ್ಲಿ ಒಂದು ‘ಟು’ ಇಟ್ಟರೆ ಇರುವುದು ಹೋಗಿ ಮಾಡಬೇಕಾದದ್ದು ಬರುತ್ತದೆ, ಐ ಹ್ಯಾವ್ ಟು ಕುಕ್ ಅಂದರೆ ಅಡುಗೆ ಮಾಡಬೇಕಾಗಿದೆ. ‘ಮಸ್ಟ್’ ಅಂತ ಇನ್ನೊಂದಿದೆ, ಮಾಡಲೇಬೇಕು ಅಂತ. ಮಸ್ಟ್ ನಮ್ಮ ಮನಸ್ಸಿನ ಒಳಗಿಂದ ಬರುವ ಒತ್ತಾಯ, ಹ್ಯಾವ್ ಟು ಹೊರಗಿನಿಂದ ಬರುವುದು. ಕೈಯನ್ನು ಎದೆಯ ಮೇಲಿಟ್ಟು ಒಳಗೆ ತೋರಿಸಿದೆ, ಕಿಟಕಿಯ ಕಡೆ ಚಾಚಿ ಹೊರಗೆ ತೋರಿಸಿದೆ. ಆಗ ನನ್ನ ಮುಖದಲ್ಲಿ ಎಂಥ ಕಳೆ ಇದ್ದಿರಬೇಕು ಅಂತ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

“ಸಂಜೆ ನಾನು ದೀಪ ಹಚ್ತೀನಲ್ಲ, ಅದು?”

“ಮಸ್ಟ್.”

“ನೀವು ಪಾತ್ರೆ ತೊಳೀತೀರಲ್ಲ, ಅದು?”

“ಹ್ಯಾವ್ ಟು,” ಅಂದಳು ಮಗಳು, ಕಿವಿಯ ಹೆಡ್‌ಫೋನ್ ತೆಗೆಯದೆ.

ಅತ್ತೆ ನಕ್ಕ ನಗುವಿಗೆ ಎದುರು ಮನೆಯ ಜಾಲರಿಯ ಹಿಂದಿನಿಂದ “ವಾಟ್ ಹ್ಯಾಪೆನ್?” ಅಂತ ಪ್ರಶ್ನೆ ಬಂತು.

ಅತ್ತೆ ಎರಡು ಶಾಲೆಗೂ ಹೋಗುತ್ತಿದ್ದರು ಅಂತ ನನಗೆ ತಿಳಿಯಲು ತಡವಾಗಲಿಲ್ಲ. ಬೆಳಿಗ್ಗೆ ನನ್ನದು, ಸಂಜೆ ಜಾಲರಿಯದು. ಒಂದು ಸಂಜೆ ಎದುರು ಮನೆಯವರು “ಆಂಟಿ, ಕರಿ ಲೀಫ್ ಗಾಟ್ ಆರ್ ನಾಟ್?” ಅಂದರು. ಅತ್ತೆ ಒಂದು ಕ್ಷಣವೂ ತಡವರಿಸದೆ “ಗಾಟ್, ಗಾಟ್! ಪ್ಲೆಂಟಿ ಗಾಟ್!” ಅಂದರು. ಒಳಗಿದ್ದ ನಾನು ಲ್ಯಾಪ್‌ಟಾಪು ಬಿಟ್ಟು ಎದ್ದು ಬಂದೆ.

“ಅತ್ತೆ, ಅದು ತಪ್ಪು. ಐ ಹ್ಯಾವ್ ಪ್ಲೆಂಟಿ ಅನ್ನಬೇಕು.”

“ಯಾಕ್ರೀ ತಪ್ಪು? ಕರಿಬೇವು ಇದೆಯಾ ಇಲ್ವಾ ಅಂದ್ರು. ಇದೆ, ಬೇಕಾದಷ್ಟಿದೆ ಅಂದೆ. ನಮ್ಮ ಹಂಗೇ ಕೇಳ್ತಾರೆ, ನಮ್ಮ ಹಂಗೇ ಹೇಳ್ದೆ. ನಿಮ್ಮದರಲ್ಲಿ ನಾನು ಮೊದ್ಲು ‘ಐ’ ಅಂತ ನನ್ನನ್ನ ಮುಂದೆ ನಿಲ್ಲಿಸ್ಕೋಬೇಕು. ಕರಿಬೇವಿನ ವಿಷಯದಲ್ಲಿ ನನ್ನದೇನು ಹೆಚ್ಚುಗಾರಿಕೆ?”

ಹೀಗೆ ಗುರುವಾಗಿ ನನ್ನ ಸ್ಥಾನ ಅಲುಗಾಡುತ್ತಿದ್ದಾಗಲೇ ಮಗಳ ಶಾಲೆಯಲ್ಲೂ ವ್ಯಾಕರಣದ ಪಾಠ ಬಂತು. ಯಾವಾಗಲೂ, ಎಂದೂ, ಒಮ್ಮೊಮ್ಮೆ ಅನ್ನುವಂಥ ಪದಗಳನ್ನು ವಾಕ್ಯದಲ್ಲಿ ಎಲ್ಲಿ ಕೂರಿಸಬೇಕು ಅನ್ನುವ ಪಾಠ. ಮಗಳು ‘ಐ ಆಲ್ವೇಸ್ ಹ್ಯಾವ್ ಟು ವಾಶ್ ಮೈ ಹ್ಯಾಂಡ್ಸ್’ ಅಂತ ಬರೆದಿದ್ದಳು. ಯಾವಾಗಲೂ ಕೈ ತೊಳೆಯಬೇಕು ಅಂತ. ಆ ಕಾಲಕ್ಕೆ ತಕ್ಕ ವಾಕ್ಯ.

ನಾನು ಇಣುಕಿ ನೋಡಿದೆ. ನನ್ನೊಳಗೆ ಎಲ್ಲೋ ‘ಐ ಹ್ಯಾವ್ ಆಲ್ವೇಸ್ ಲಿವ್ಡ್ ಹಿಯರ್’ ಅನ್ನುವ ಹಳೇ ಪಾಠದ ವಾಕ್ಯ ಎದ್ದು ಕೂತಿತು. ಅಲ್ಲಿ ‘ಹ್ಯಾವ್’ ಮೊದಲು, ‘ಆಲ್ವೇಸ್’ ಆಮೇಲೆ. ನಿಯಮ ಅಂದರೆ ನಿಯಮ. “ಹ್ಯಾವ್ ಆಲ್ವೇಸ್ ಟು ವಾಶ್ ಅಂತ ತಿದ್ದು,” ಅಂದೆ.

“ಅಪ್ಪ, ಇಟ್ ಸೌಂಡ್ಸ್ ಫನಿ.”

“ವ್ಯಾಕರಣ ಕಿವಿಯಿಂದ ನೋಡೋದಲ್ಲ ಪುಟ್ಟಿ.”

ಮಾರನೆಯ ದಿನ ಟೀಚರು ಆ ವಾಕ್ಯವನ್ನು ಪರದೆಯ ತುಂಬ ಹಾಕಿ ಕೆಂಪು ಗೆರೆ ಎಳೆದರು. ಲಿವ್ಡ್ ಪಕ್ಕದಲ್ಲಿದ್ದಾಗ ಹ್ಯಾವ್ ಬರೀ ಸಹಾಯಕ, ಅದರ ಹಿಂದೆ ಆಲ್ವೇಸ್ ಕೂರಬಹುದು. ಇರುವುದನ್ನೋ ಮಾಡಬೇಕಾದದ್ದನ್ನೋ ಹೇಳುವಾಗ ಹ್ಯಾವ್ ತಾನೇ ಯಜಮಾನ, ಆಗ ಆಲ್ವೇಸ್ ಮುಂದೆ ಬರಬೇಕು. ಇಷ್ಟನ್ನು ಅವರು ಬಹಳ ನಿಧಾನವಾಗಿ, ಒಂಬತ್ತು ವರ್ಷದ ಮಕ್ಕಳಿಗೆ ತಿಳಿಯುವ ಹಾಗೆ ವಿವರಿಸಿದರು. ಮೇಜಿನ ಇನ್ನೊಂದು ತುದಿಯಲ್ಲಿ ನಾನೂ ತಿಳಿದುಕೊಂಡೆ. ಆಮೇಲೆ ಅವರು “ಹೂ ಹೆಲ್ಪ್ಡ್ ಯು?” ಅಂತ ಕೇಳಿದರು. ಮಗಳು ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದಳು. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಅತ್ತೆ ತಂದ ಪಂಚೆ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ. ಇಡೀ ಕ್ಲಾಸು ಕೈ ಬೀಸಿತು. ನಾನೂ ಚಮಚ ಬೀಸಿದೆ.

ಇಷ್ಟಕ್ಕೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಆ ವಾರವೇ ಅತ್ತೆಗೆ ‘ಓನ್ಲಿ’ ಪಾಠ ಮಾಡಿದೆ. ನಮ್ಮವರು ಅದನ್ನು ಎಲ್ಲಿ ಬೇಕಾದಲ್ಲಿ ಬಿಸಾಡುತ್ತಾರೆ, ಆದರೆ ಅದು ಕೂತ ಜಾಗದಿಂದ ಅರ್ಥವೇ ಬದಲಾಗುತ್ತದೆ ಅಂತ ಎಚ್ಚರಿಸಿದೆ. “ಓನ್ಲಿ ಐ ಹ್ಯಾವ್ ಎ ಕಾರ್ ಅಂದ್ರೆ ನನಗೆ ಒಬ್ಬನಿಗೇ ಕಾರಿದೆ, ಬೇರೆ ಯಾರಿಗೂ ಇಲ್ಲ. ಐ ಹ್ಯಾವ್ ಓನ್ಲಿ ಎ ಕಾರ್ ಅಂದ್ರೆ ಕಾರು ಬಿಟ್ಟು ಬೇರೇನೂ ಇಲ್ಲ.”

“ಕರಿಬೇವಿನ ಒಗ್ಗರಣೆ ಇದ್ದಂಗೆ,” ಅಂದರು ಅತ್ತೆ. “ಮೊದ್ಲು ಹಾಕಿದ್ರೆ ಒಂದು ರುಚಿ, ಕೊನೆಗೆ ಹಾಕಿದ್ರೆ ಇನ್ನೊಂದು.”

“ಸರಿಯಾಗಿ ಹೇಳಿದ್ರಿ,” ಅಂತ ಹೊಗಳಿ ಲ್ಯಾಪ್‌ಟಾಪಿಗೆ ತಿರುಗಿದೆ. ಒಬ್ಬ ಗಿರಾಕಿಗೆ ತುರ್ತಾಗಿ ತಿಳಿಸಬೇಕಿತ್ತು. ಅವರ ಸರಕಿನ ಕಾಗದಪತ್ರ ಮಾತ್ರ ನಮ್ಮ ಹತ್ತಿರ ಬಂದಿದೆ, ಕಂಟೇನರು ಇನ್ನೂ ಹಡಗಿನಲ್ಲೇ ಇದೆ ಅಂತ. ನಾನು ಬರೆದದ್ದು: ಅವರ್ ಆಫೀಸ್ ಓನ್ಲಿ ಹ್ಯಾಸ್ ದಿ ಡಾಕ್ಯುಮೆಂಟ್ಸ್. ಕಂಟೇನರಿನ ಮಾತು ಎತ್ತಲೇ ಇಲ್ಲ. ‘ಓನ್ಲಿ’ ಒಂದರಲ್ಲೇ ಅದು ಅಡಗಿದೆ, ಬುದ್ಧಿವಂತರಿಗೆ ತಿಳಿಯುತ್ತದೆ ಅಂತ ನನ್ನ ಲೆಕ್ಕ. ಅವರು ಓದಿಕೊಂಡದ್ದು ‘ಕಾಗದಪತ್ರ ಇರುವುದು ನಮ್ಮ ಆಫೀಸಿನಲ್ಲೇ, ಬೇರೆಲ್ಲೂ ಅಲ್ಲ’ ಅಂತ. ಅಂದರೆ ಎಲ್ಲ ಸಿದ್ಧವಾಗಿದೆ, ಬಂದು ಒಯ್ಯಿರಿ ಅಂತ. ಅವರು ಲಾರಿ ಕಳಿಸಿದರು. ದಾರಿಯುದ್ದಕ್ಕೂ ಪೊಲೀಸರ ತಡೆ, ಪ್ರತಿ ತಡೆಯಲ್ಲೂ ಪರವಾನಗಿ ತೋರಿಸಬೇಕಾದ ಕಾಲ ಅದು. ಅದನ್ನೆಲ್ಲ ದಾಟಿ ಲಾರಿ ಬಂದರಿಗೆ ಬಂತು, ಇಲ್ಲದ ಕಂಟೇನರಿಗಾಗಿ ಅರ್ಧ ದಿನ ಕಾಯಿತು, ಖಾಲಿ ವಾಪಸು ಹೋಯಿತು.

ಮ್ಯಾನೇಜರ್ ಪರದೆಯ ಮೇಲೆ ಬಂದರು. ಅವರು ಕೂಗಾಡುವವರಲ್ಲ. ನನ್ನ ವಾಕ್ಯವನ್ನು ಗಟ್ಟಿಯಾಗಿ ಎರಡು ಸಲ ಓದಿದರು, ಒಂದೊಂದು ಸಲ ಒಂದೊಂದು ಪದದ ಮೇಲೆ ಒತ್ತು ಕೊಟ್ಟು. ಆಮೇಲೆ “ಬ್ರದರ್, ನೆಕ್ಸ್ಟ್ ಟೈಮ್ ಜಸ್ಟ್ ರೈಟ್ ‘ಕಂಟೇನರ್ ನಾಟ್ ಯೆಟ್ ಕಮ್’ ಲಾ. ಎವ್ರಿಬಡಿ ಅಂಡರ್‌ಸ್ಟ್ಯಾಂಡ್,” ಅಂದರು. ಪಕ್ಕದಲ್ಲೇ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕರೆ ಮುಗಿದ ಮೇಲೆ ಮೆಲ್ಲಗೆ “ಒಗ್ಗರಣೆ ಸೀದು ಹೋಯ್ತಾ?” ಅಂತ ಕೇಳಿ ಒಂದು ಲೋಟ ಮಜ್ಜಿಗೆ ತಂದಿಟ್ಟರು.

ಮುಂದಿನ ವರ್ಷದ ಆರಂಭದಲ್ಲಿ ಕಾಯಿಲೆ ನಮ್ಮ ಮನೆಗೇ ಬಂತು. ಹೆಂಡತಿಗೂ ನನಗೂ ಪಾಸಿಟಿವ್, ಅತ್ತೆಗೂ ಮಗಳಿಗೂ ನೆಗೆಟಿವ್. ನಾವಿಬ್ಬರೂ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದೆವು. ಮನೆಯ ಯಜಮಾನಿಕೆ ಅತ್ತೆಯ ಕೈಗೆ ಹೋಯಿತು. ಅವರು ರಸಂ, ಗಂಜಿ ಮಾಡಿ ಬಾಗಿಲ ಮುಂದಿನ ಸ್ಟೂಲಿನ ಮೇಲಿಟ್ಟು, ಬಾಗಿಲು ತಟ್ಟಿ ದೂರ ಸರಿದು ನಿಲ್ಲುತ್ತಿದ್ದರು. ಅಂಗಡಿಯ ಸಾಮಾನನ್ನು ಎದುರು ಮನೆಯವರು ತರಿಸಿ ನಮ್ಮ ಜಾಲರಿಗೆ ಸಿಕ್ಕಿಸಿ ಹೋಗುತ್ತಿದ್ದರು. ಮಗಳು ಹೆದರಿದ್ದಳು, ತೋರಿಸಿಕೊಳ್ಳುತ್ತಿರಲಿಲ್ಲ. ಅಜ್ಜಿ ಮೊಮ್ಮಗಳು ಒಂದೇ ಮಂಚದಲ್ಲಿ ಮಲಗಿ ಅದೇನೋ ಎರಡು ಭಾಷೆ ಕಲಸಿ ಮಾತಾಡಿಕೊಳ್ಳುವುದು ಗೋಡೆಯ ಆಚೆಯಿಂದ ಕೇಳುತ್ತಿತ್ತು.

ಆರೋಗ್ಯ ಇಲಾಖೆಯಿಂದ ವಿಚಾರಿಸಲು ಫೋನು ಬಂದಾಗ ನನ್ನ ಫೋನು ನಡುಮನೆಯಲ್ಲೇ ಉಳಿದಿತ್ತು. ಹೆಂಡತಿಗೆ ಮಾತ್ರೆಯ ನಿದ್ದೆ. ಮಗಳು ಕಿವಿ ಮುಚ್ಚಿಕೊಂಡು ಕ್ಲಾಸಿನಲ್ಲಿ. ಫೋನು ಎತ್ತಿದ್ದು ಅತ್ತೆ. ಸ್ಪೀಕರಿನಲ್ಲಿ ಒಬ್ಬ ಹೆಣ್ಣುಮಗಳ ದನಿ ಮೊದಲು ಮಲಯ ಭಾಷೆಯಲ್ಲಿ ಏನೋ ಕೇಳಿತು, ಆಮೇಲೆ ಇಂಗ್ಲಿಷಿಗೆ ತಿರುಗಿತು. ನಾನು ಹಾಸಿಗೆಯಿಂದ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದೆ. ತೆರೆಯುವ ಹಾಗಿಲ್ಲ. ಕಿವಿ ಇಟ್ಟು ನಿಂತೆ.

“ಹಿ ಹ್ಯಾವ್ ಫೀವರ್,” ಅನ್ನುತ್ತಿದ್ದರು ಅತ್ತೆ. “ಮೈ ಡಾಟರ್ ಆಲ್ಸೋ ಹ್ಯಾವ್ ಫೀವರ್.”

ಜ್ವರ ನೆತ್ತಿಗೇರಿತ್ತು. ಮೈಯಲ್ಲಿ ಉಳಿದಿದ್ದ ಪ್ರಾಣವನ್ನೆಲ್ಲ ಗಂಟಲಿಗೆ ತಂದು ನಾನು ಕೂಗಿದ್ದು ಏನು? ನೀರು ಬೇಕು ಅಂತಲ್ಲ. ಹೆಂಡತಿಗೆ ಹೇಗಿದೆ ನೋಡಿ ಅಂತಲೂ ಅಲ್ಲ.

“ಹ್ಯಾಸ್! ಅತ್ತೆ, ಹ್ಯಾಸ್!”

ಕೂಗಿದ್ದೇ ಕೆಮ್ಮು ಹತ್ತಿಕೊಂಡಿತು. ಫೋನಿನ ದನಿ ಗಾಬರಿಯಾಯಿತು. ಅವರಿಗೆ ಉಸಿರಾಟಕ್ಕೆ ತೊಂದರೆ ಇದೆಯೇ, ಮಾತಾಡಲು ಕಷ್ಟವಾಗುತ್ತಿದೆಯೇ ಅಂತ ಕೇಳಿತು.

“ನೋ, ನೋ,” ಅಂದರು ಅತ್ತೆ. “ಬ್ರೀದಿಂಗ್ ಗಾಟ್. ಟಾಕಿಂಗ್ ಆಲ್ಸೋ ಗಾಟ್. ಹಿ ಆಲ್ವೇಸ್ ಹ್ಯಾಸ್ ಟು ಕರೆಕ್ಟ್ ಮೈ ಇಂಗ್ಲಿಷ್.”

ಫೋನಿನ ಆಚೆ ಆ ಹೆಣ್ಣುಮಗಳು ನಕ್ಕಳು. “ದೆನ್ ಓಕೆ ಲಾ, ಆಂಟಿ!” ಅಂದಳು. ಬೆರಳಿಗೆ ಹಾಕುವ ಆಮ್ಲಜನಕದ ಯಂತ್ರ ಎಷ್ಟು ತೋರಿಸುತ್ತಿದೆ ಅಂತ ಕೇಳಿ, ಕಡಿಮೆಯಾದರೆ ತಕ್ಷಣ ಫೋನು ಮಾಡಿ ಅಂತ ಹೇಳಿ ಇಟ್ಟಳು. ನಾನು ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಿದ್ದೆ. ಆಲ್ವೇಸ್ ಸರಿಯಾದ ಜಾಗದಲ್ಲಿ ಕೂತಿತ್ತು, ಹ್ಯಾಸ್ ಕೂಡ ಬಂದಿತ್ತು. ತಿದ್ದಲು ಏನೂ ಇರಲಿಲ್ಲ. ಹಿಂದಿನಿಂದ ಹೆಂಡತಿಯ ದನಿ ಬಂತು. “ರೀ, ಸಾಯೋ ಹೊತ್ತಲ್ಲೂ ಬಿಡಲ್ವಾ ನೀವು?”

ಇಬ್ಬರೂ ಗುಣವಾದೆವು. ಹೆಂಡತಿ ಬೇಗ, ನಾನು ನಿಧಾನವಾಗಿ. ನಿರ್ಬಂಧ ಸ್ವಲ್ಪ ಸಡಿಲವಾದ ಮೇಲೆ ಬೆಂಗಳೂರಿಗೆ ಒಂದು ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತು. ಅಲ್ಲಿ ಅತ್ತೆಯ ತಂಗಿಗೆ ಆಪರೇಷನ್ ಇತ್ತು. ಈ ಸಲ ಹೆಂಡತಿ ಬೇಡ ಅನ್ನಲಿಲ್ಲ. ಹೊರಡುವ ದಿನ ಎದುರು ಮನೆಯವರು ಜಾಲರಿ ತೆರೆದು ಕಾರಿಡಾರಿಗೆ ಬಂದರು. ಒಂದು ವರ್ಷದಲ್ಲಿ ಅವರಿಬ್ಬರೂ ನಡುವೆ ಕಬ್ಬಿಣವಿಲ್ಲದೆ ನಿಂತದ್ದು ಅದೇ ಮೊದಲು. ಮುಟ್ಟುವುದೋ ಬೇಡವೋ ಅಂತ ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಮಾಸ್ಕಿನ ಹಿಂದೆಯೇ ಇಬ್ಬರೂ ಅತ್ತರು.

ವಿಮಾನ ನಿಲ್ದಾಣದೊಳಗೆ ಪ್ರಯಾಣಿಕರನ್ನು ಬಿಟ್ಟು ಯಾರನ್ನೂ ಬಿಡುತ್ತಿರಲಿಲ್ಲ. ಬಾಗಿಲ ಹೊರಗೆ, ಟ್ರಾಲಿಯ ಪಕ್ಕದಲ್ಲಿ ನಿಂತಿದ್ದಾಗ ಮಗಳು ಅಜ್ಜಿಯ ಸೆರಗು ಹಿಡಿದುಕೊಂಡು ಕೇಳಿದಳು. “ಅಜ್ಜಿ, ಡು ಯು ವಾಂಟ್ ಟು ಗೋ, ಆರ್ ಡು ಯು ಹ್ಯಾವ್ ಟು ಗೋ?”

ಪ್ರಶ್ನೆ ಅತ್ತೆಗೆ ಪೂರ್ತಿ ಅರ್ಥವಾಯಿತು. ಹೋಗಲು ಆಸೆಯಾ, ಇಲ್ಲ ಹೋಗದೆ ವಿಧಿಯಿಲ್ಲವಾ ಅಂತ ಮಗು ಕೇಳುತ್ತಿತ್ತು. ಅವರು ಬಗ್ಗಿ ಅವಳ ಮಾಸ್ಕು ಸರಿಮಾಡಿದರು. “ಹೋಗ್ಬೇಕು ಕಣೇ ಪುಟ್ಟಿ,” ಅಂದರು, ಕನ್ನಡದಲ್ಲಿ. ಆಮೇಲೆ ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು. ಗಾಜಿನ ಆಚೆಯಿಂದ ಒಂದು ಸಲ ಕೈ ಎತ್ತಿದರು.

ಕಾರು ಹೆದ್ದಾರಿಗೆ ಬಂದ ಮೇಲೆ ಹಿಂದಿನ ಸೀಟಿನಿಂದ ಮಗಳು “ಅಪ್ಪ, ವಿಚ್ ಒನ್ ಡಿಡ್ ಷಿ ಸೇ?” ಅಂದಳು.

ಬಿಡುವ ಜಾತಿಯಲ್ಲವಲ್ಲ ನಾನು. ಶುರು ಮಾಡಿದೆ. ಕನ್ನಡದಲ್ಲಿ ಕಾಫಿ ಬೇಕು ಅಂದರೆ ಆಸೆ, ಆಫೀಸಿಗೆ ಹೋಗಬೇಕು ಅಂದರೆ ಕಟ್ಟುಪಾಡು, ಸಮುದ್ರ ನೋಡಬೇಕು ಅಂದರೆ ಮತ್ತೆ ಆಸೆ, ಮೂರಕ್ಕೂ ಒಂದೇ ‘ಬೇಕು’, ಹಾಗಾಗಿ ಸಂದರ್ಭ ನೋಡಿ ತಿಳಿಯಬೇಕು, ಅಲ್ಲಿ ತಂಗಿ ಇದ್ದಾರೆ, ಸ್ವಂತ ಮನೆ ಇದೆ, ಇಲ್ಲಿ ನೀನಿದ್ದೀಯ, ಆದ್ದರಿಂದ... ವಾಕ್ಯ ಉದ್ದವಾಗುತ್ತ ಹೋಯಿತು. ಎಲ್ಲಿ ನಿಲ್ಲಿಸಬೇಕೋ ನನಗೇ ತಿಳಿಯಲಿಲ್ಲ.

“ಸೋ ಯು ಡೋಂಟ್ ನೋ,” ಅಂದಳು ಮಗಳು.

“ಗೊತ್ತಿಲ್ಲ ಪುಟ್ಟಿ.”

ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕಣ್ಣೊರೆಸಿಕೊಂಡು, “ಅಮ್ಮಂಗೂ ಗೊತ್ತಿರ್ಲಿಲ್ಲ, ಬಿಡಿ,” ಅಂದಳು.